ಎರಡು ಜನಗಣತಿ ನಡುವೆ ಬಂದು ಹೋದ ಕೂಸು: ಇಂಗಲ್ಸ್ ಮನೆತನದ ಬೆನ್ನು ಹತ್ತಿ ಆರು ದಿನ

ನಾನು ಸಣ್ಣವಳಿದ್ದಾಗ ಸುಗ್ಗಿ ಮುಗಿದ ಮೇಲೆ ರಾಣೆಬೆನ್ನೂರು ಕಡೆ ನಮ್ಮ ಹಳ್ಳಿಗೆ ಹೆಳವರು ಬರೋರು. ಬೆಳಗಿನ ಜಾವ ಎತ್ತಿನ ಕೊರಳಗಂಟೆ ಸಪ್ಪಳಕ್ಕೇ ಎಚ್ಚರ ಆಗ್ತಿತ್ತು, ಬಾಗ್ಲಲ್ಲಿ ಎತ್ತಿನ ಮೇಲೆ ಕೂತ್ಕೊಂಡೇ ನಮ್ಮಜ್ಜ, ಅವರಪ್ಪ, ಅವರಪ್ಪನ ಅಪ್ಪ, ಯಾವ ಬರಗಾಲದಾಗ ಯಾವ ಊರು ಬಿಟ್ಟು ಬಂದ್ರು, ಎಲ್ಲಾ ಒಂದೇ ಉಸಿರಲ್ಲಿ ಹೇಳೋರು, ಅಜ್ಜಿ ಮೊರದ ತುಂಬ ಜೋಳ ತಂದು ನೀಡೋಳು. ವಂಶಾವಳಿ ಅನ್ನೋ ಹುಚ್ಚು ನನಗೆ ಹತ್ತಿದ್ದು ಅಲ್ಲಿಂದ. ಏಳನೇ ಕ್ಲಾಸಲ್ಲಿ ಲೈಬ್ರರಿಯಿಂದ ತಂದು ಓದಿದ ಅಮೆರಿಕದ ಲೇಖಕಿ ಲಾರಾ ಇಂಗಲ್ಸ್ ವೈಲ್ಡರ್ ತನ್ನ ಬಾಲ್ಯದ ಬಗ್ಗೆ ಬರೆದ ಕಥೆಗಳು (ಕನ್ನಡದಲ್ಲೇ ಓದಿದ್ದು, ಅಪ್ಪ ಪಿಟೀಲು ನುಡಿಸೋದು, ಅಮ್ಮ ಬೆಣ್ಣೆ ಕಡಿಯೋದು, ಎಲ್ಲಾ ನಮ್ಮನೇಲೇ ನಡೀತಿದೆ ಅನ್ಸೋದು) ತಲೇಲಿ ಹಾಗೇ ಕೂತಿದ್ವು.

ಈಗ ಕಾನ್ಸಾಸ್ ಸಿಟಿಯಲ್ಲಿದೀವಿ. ಇಲ್ಲೇ ಪಕ್ಕದಲ್ಲಿ, ಮಿಸೌರಿ ಕಡೆಯ ಇಂಡಿಪೆಂಡೆನ್ಸ್ ಊರಲ್ಲಿ ಮಿಡ್‌ವೆಸ್ಟ್ ಜೀನಿಯಾಲಜಿ ಸೆಂಟರ್ ಅಂತ ವಂಶಾವಳಿಗೇ ಅಂತ ಇರೋ ದೊಡ್ಡ ಲೈಬ್ರರಿ ಇದೆ. ಎರಡು ಚಳಿಗಾಲ ಶನಿವಾರ ಶನಿವಾರ ಅಲ್ಲಿ ಕೂತು ಲಾರಾಳ ಅಪ್ಪ ಚಾರ್ಲ್ಸ್ ಇಂಗಲ್ಸ್, ಅಮ್ಮ ಕ್ಯಾರೊಲಿನ್ ಕ್ವೈನರ್ ಇಬ್ಬರ ಮನೆತನದ ಜಾಡು ಹಿಡಿದೆ. ಈ ಜೂನ್‌ನಲ್ಲಿ ಮಗಳಿಗೆ ರಜ ಬಂದದ್ದೇ ಗಾಡಿ ತಗೊಂಡು ಹೊರಟ್ವಿ, ಯಜಮಾನ್ರು, ನಾನು, ಹನ್ನೊಂದು ವರ್ಷದ ಮಗಳು. ಒಂದು ನೋಟ್‌ಬುಕ್, ಒಂದು ಫೈಲ್ ತುಂಬ ಪ್ರಿಂಟೌಟ್, ಚಟ್ನಿಪುಡಿ, ಖಟಕ್ ರೊಟ್ಟಿ.

ದಿನ 1: ಇಂಡಿಪೆಂಡೆನ್ಸ್, ಕಾನ್ಸಾಸ್

ಇದು ಬೇರೆ ಇಂಡಿಪೆಂಡೆನ್ಸ್, ಕಾನ್ಸಾಸ್ ರಾಜ್ಯದ್ದು, ನಮ್ಮ ಮನೆಯಿಂದ ದಕ್ಷಿಣಕ್ಕೆ ಹತ್ತತ್ರ ಮೂರು ಗಂಟೆ ದಾರಿ. ಊರಿಂದ ನೈಋತ್ಯಕ್ಕೆ 13 ಮೈಲಿ ಹೋದ್ರೆ ವೇಸೈಡ್ ಅನ್ನೋ ಸಣ್ಣ ಜಾಗದ ಹತ್ರ, ಲಾರಾಳ ಮನೆಯೋರು ಇದ್ದ ಜಾಗದಲ್ಲಿ, ಮರದ ದಿಮ್ಮಿಯ ಗುಡಿಸಲು. 1977ರಲ್ಲಿ ಹೊಸದಾಗಿ ಕಟ್ಟಿದ್ದು, ಮೂಲ ಮನೆ ಅಲ್ಲ. ಆದ್ರೆ ಪಕ್ಕದಲ್ಲಿ ಒಂದು ಬಾವಿ ಇದೆ ನೋಡಿ, ನಾನು ಹೋಗಿದ್ದೇ ಅದಕ್ಕೆ.

ಲಾರಾ ದೊಡ್ಡವಳಾದ ಮೇಲೆ ಕಥೆ ಬರೆಯೋಕೆ ಕೂತಾಗ ಈ ಮನೆ ಇಂಡಿಪೆಂಡೆನ್ಸ್‌ನಿಂದ 40 ಮೈಲಿ ದೂರ ಇತ್ತು ಅಂತ ನಂಬಿದ್ಲು. ಆ ಲೆಕ್ಕಕ್ಕೆ ಜಾಗ ಓಕ್ಲಹೋಮಾದೊಳಗೆ ಬೀಳುತ್ತೆ, ಹಾಗಾಗಿ ಮಗಳು ರೋಸ್ ಜೊತೆ ಅಲ್ಲಿ ಹೋಗಿ ಹುಡುಕಿದ್ಲು, ಸಿಗಲಿಲ್ಲ. ಎಲ್ಲಿಂದ ಸಿಗಬೇಕು, ಇಲ್ಲಿದ್ದಾಗ ಅವಳಿಗೆ ಬರೀ ಮೂರು ವರ್ಷ! ಆಮೇಲೆ ಇದೇ ಊರಿನ ಮಾರ್ಗರೆಟ್ ಕ್ಲೆಮೆಂಟ್ ಅನ್ನೋರು ಕಥೆ ಪಕ್ಕಕ್ಕಿಟ್ಟು 1870ರ ಜನಗಣತಿ ಕೈಗೆ ತಗೊಂಡ್ರು. ಮಾಂಟ್‌ಗೊಮೆರಿ ಕೌಂಟಿ (ನಮ್ಮ ಜಿಲ್ಲೆ ಇದ್ದಂಗೆ), ರಟ್‌ಲ್ಯಾಂಡ್ ಟೌನ್‌ಶಿಪ್ (ನಮ್ಮ ಹೋಬಳಿ ಇದ್ದಂಗೆ) ಹಾಳೇಲಿ ಈ ಸಂಸಾರ ಇದೆ, ಗಂಡ 34, ಹೆಂಡತಿ 30, ಮೇರಿ 5, ಲಾರಾ 3. ಗಣತಿದಾರ ಏಸಾ ಹೇರ್‌ಗ್ರೋವ್ ಕುದುರೆ ಮೇಲೋ ಕಾಲ್ನಡಿಗೇಲೋ ಮನೆಯಿಂದ ಮನೆಗೆ ಹೋದ ಕ್ರಮದಲ್ಲೇ ಹೆಸರು ಬರ್ಕೊಂಡಿರ್ತಾನಲ್ಲ, ಅಂದ್ರೆ ಹಾಳೇಲಿ ಮೇಲೆ ಕೆಳಗೆ ಇರೋರು ನೆಲದ ಮೇಲೂ ಅಕ್ಕಪಕ್ಕದೋರೇ. ಆ ನೆರೆಯೋರು ಮುಂದೆ ಯಾವ ಯಾವ ಜಮೀನಿಗೆ ಹಕ್ಕುಪತ್ರ ಮಾಡಿಸಿದ್ರು ಅಂತ ಕೋರ್ಟ್‌ಹೌಸಲ್ಲಿ ಹುಡುಕಿ ಒಂದೊಂದಾಗಿ ನಕ್ಷೆ ಮೇಲೆ ಗುರುತು ಹಾಕ್ತಾ ಹೋದ್ರೆ ಕೊನೆಗೆ ಯಾರೂ ಹಕ್ಕು ಹೇಳದ ತುಂಡು ಉಳೀತು, ಅಲ್ಲಿ ಹೋಗಿ ನೋಡಿದ್ರೆ ಕೈಯಿಂದ ತೋಡಿದ ಹಳೇ ಬಾವಿ. ಇದನ್ನ ಓದಿದ ದಿನ ನಾನು ಲೈಬ್ರರಿಯಲ್ಲಿ ಕುರ್ಚಿಯಿಂದ ಎದ್ದೇ ನಿಂತಿದ್ದೆ.

ಹೇರ್‌ಗ್ರೋವ್ ಬಂದದ್ದು 1870ರ ಆಗಸ್ಟ್ 13ಕ್ಕೆ. ಮನೆಯ ಬೈಬಲ್‌ನಲ್ಲಿ, ಹುಟ್ಟು ಸಾವು ಬರೆದಿಡೋ ಪುಟದಲ್ಲಿ, ಮೂರನೇ ಮಗಳು ಕ್ಯಾರಿ ಹುಟ್ಟಿದ್ದು ಆಗಸ್ಟ್ 3, ಮಾಂಟ್‌ಗೊಮೆರಿ ಕೌಂಟಿ ಅಂತಿದೆ. ಅಂದ್ರೆ ಅವನು ಬಾಗಿಲಿಗೆ ಬಂದಾಗ ಒಳಗೆ ಹತ್ತು ದಿನದ ಬಾಣಂತಿ. ಬಾವಿ ಕಟ್ಟೆ ಹತ್ರ ನಿಂತು ಇದನ್ನ ಮಗಳಿಗೆ ಹೇಳ್ತಿದ್ದೆ, ಮೈಮೇಲೆ ಮುಳ್ಳೆದ್ದಿತು. ಗಾಳಿಗೆ ಹುಲ್ಲು ಒಂದೇ ಸಮ ಬಾಗ್ತಿತ್ತು, ಜೋಳದ ಹೊಲದಲ್ಲಿ ಗಾಳಿ ಹೊಕ್ಕಾಗ ಬರೋ ಸದ್ದೇ ಬರ್ತಿತ್ತು.

ಇನ್ನೊಂದು ಮಾತು ಹೇಳಲೇಬೇಕು. ಈ ನೆಲ ಇಂಗಲ್ಸರದ್ದಲ್ಲ, ಓಸೇಜ್ ಅನ್ನೋ ಮೂಲನಿವಾಸಿ ಜನರದ್ದು, ಅವರಿಗೆ ಅಂತಲೇ ಉಳಿಸಿದ್ದ ಜಾಗ. ಜಮೀನಿಗೆ ಹಕ್ಕೇ ಇಲ್ಲದೆ ಬಂದು ಕೂತ ನೂರಾರು ಸಂಸಾರಗಳಲ್ಲಿ ಇದೂ ಒಂದು. 1870ರ ಜುಲೈ 15ರ ಕಾಯ್ದೆ ಬಂದು, ಎಕರೆಗೆ ಒಂದೂಕಾಲು ಡಾಲರ್ ಲೆಕ್ಕದಲ್ಲಿ ಭೂಮಿ ಬಿಟ್ಟುಕೊಟ್ಟು ಓಸೇಜರು ಈಗಿನ ಓಕ್ಲಹೋಮಾಕ್ಕೆ ಹೋದ್ರು. ಪಯನೀಯರ್ ಮನೆತನ ಅಂತ ಯಾರದ್ದೇ ಹುಡುಕಿದ್ರೂ ಅವರಿಗಿಂತ ಮುಂಚೆ ಅಲ್ಲಿದ್ದೋರು ಯಾರು ಅನ್ನೋದನ್ನ ಅದೇ ಪುಟದಲ್ಲಿ ಬರೀಬೇಕು ಅನ್ನೋದು ನನ್ನ ಖಂಡಿತ ಅಭಿಪ್ರಾಯ.

ಸಂಜೆ ಊರಿನ ಮೌಂಟ್ ಹೋಪ್ ಸ್ಮಶಾನಕ್ಕೆ ಹೋದ್ವಿ. ಡಾಕ್ಟರ್ ಜಾರ್ಜ್ ಟ್ಯಾನ್ ಸಮಾಧಿ ಅಲ್ಲಿದೆ. ಕಪ್ಪು ಜನಾಂಗದ ವೈದ್ಯರು, ಇಂಗಲ್ಸ್ ಮನೆ ನೆರೆಯವರು, ಇಡೀ ಮನೆ ಮಲೇರಿಯಾದಲ್ಲಿ ಮಲಗಿದ್ದಾಗ ಉಳಿಸಿದೋರು. ಅವರ ಹೆಸರೂ ಅದೇ 1870ರ ಗಣತಿಯಲ್ಲಿ, ಅದೇ ಟೌನ್‌ಶಿಪ್ಪಲ್ಲಿ ಇದೆ, ಕಥೆಯ ಡಾಕ್ಟರ್ ನಿಜವಾಗಿ ಇದ್ದೋರು ಅನ್ನೋದಕ್ಕೆ ಸಾಕ್ಷಿ ಆ ಒಂದು ಸಾಲು. ಕಲ್ಲಿನ ಮೇಲೆ ಕೈಯಿಟ್ಟು ನಮಸ್ಕಾರ ಮಾಡ್ದೆ.

ದಿನ 2: ಬರೀ ದಾರಿ

ಬೆಳಗ್ಗೆ ಆರಕ್ಕೆ ಬಿಟ್ಟು ರಾತ್ರಿ ಅಯೋವಾದ ಈಶಾನ್ಯ ಮೂಲೆ ಡೆಕೋರಾ ಮುಟ್ಟಿದ್ವಿ, 500 ಮೈಲಿ ಮೇಲೆ. ಎರಡೂ ಕಡೆ ಮೆಕ್ಕೆಜೋಳ, ಸೋಯಾ, ಮತ್ತೆ ಮೆಕ್ಕೆಜೋಳ. ಮಗಳು ಫೈಲ್ ತೊಡೆ ಮೇಲಿಟ್ಕೊಂಡು ಪ್ರಶ್ನೆ ಕೇಳ್ತಾ ಕೂತ್ಲು, ಹಾಗಾಗಿ ದಾರಿ ಉದ್ದಕ್ಕೂ ಅದೇ ಮಾತು.

ಅಮೆರಿಕದಲ್ಲಿ ಹತ್ತು ವರ್ಷಕ್ಕೊಮ್ಮೆ ಗಣತಿ ಆಗುತ್ತೆ, ಮನೆಮನೆ ವಿವರ 72 ವರ್ಷ ಗುಟ್ಟಾಗಿಟ್ಟು ಆಮೇಲೆ ಎಲ್ಲರಿಗೂ ಬಿಡ್ತಾರೆ, 1950ರದ್ದು 2022ರ ಏಪ್ರಿಲ್‌ನಲ್ಲಿ ಬಿಟ್ರು. ನಮ್ಮಲ್ಲಿ ಹಾಗಿಲ್ಲ, 1948ರ ಜನಗಣತಿ ಕಾಯ್ದೆ ಪ್ರಕಾರ ಮನೆಮನೆ ಹಾಳೆ ಯಾರಿಗೂ ತೋರಿಸಲ್ಲ, ಅದಕ್ಕೇ ನಮ್ಮಂಥೋರಿಗೆ ಹೆಳವರ ಪುಸ್ತಕವೇ ಗತಿ. ಇಲ್ಲೂ ಎಲ್ಲಾ ಸಲೀಸಿಲ್ಲ. 1850ಕ್ಕಿಂತ ಹಿಂದೆ ಮನೆ ಯಜಮಾನನ ಹೆಸರು ಮಾತ್ರ, ಉಳಿದೋರು ಬರೀ ಅಂಕಿ. 1850ರಲ್ಲಿ ಎಲ್ಲರ ಹೆಸರೂ ಬರೆದ್ರು, ಆದ್ರೆ ಗುಲಾಮಗಿರಿಯಲ್ಲಿದ್ದೋರನ್ನ ಬಿಟ್ಟು. ಯಾರು ಯಾರಿಗೆ ಏನಾಗಬೇಕು ಅನ್ನೋ ಕಾಲಂ ಬಂದದ್ದು 1880ರಲ್ಲಿ. ಅಲ್ಲೀ ತನಕ ಒಂದೇ ಮನೇಲಿರೋ ಹುಡುಗ ಮಗನೋ ತಮ್ಮನೋ ಆಳೋ ನಾವೇ ಊಹೆ ಮಾಡ್ಬೇಕು.

1890ರದ್ದಂತೂ ಹೋಗೇಬಿಟ್ಟಿದೆ. ವಾಷಿಂಗ್ಟನ್‌ನಲ್ಲಿ 1921ರ ಜನವರಿ 10ಕ್ಕೆ ಬೆಂಕಿ ಬಿದ್ದು, ಸುಟ್ಟಿದ್ದಷ್ಟು, ನೀರಲ್ಲಿ ನೆಂದಿದ್ದಷ್ಟು, ಉಳಿದಿದ್ದು ಚೂರುಪಾರು. ಅಪ್ಪ ಚಾರ್ಲ್ಸ್ ಹುಟ್ಟಿದ್ದು 1836ರ ಜನವರಿ 10, ದೊಡ್ಡ ಮಗಳು ಮೇರಿ 1865ರ ಜನವರಿ 10. ಮಗಳಿಗೆ ಇದು ಕೇಳಿ ಬಹಳ ಬೇಜಾರಾಯ್ತು, ಅದೇ ದಿನವೇ ಯಾಕೆ ಅಂತ ಎರಡು ಸಲ ಕೇಳಿದ್ಲು.

ಮೇಲಿನ ತಲೆಮಾರು ಹತ್ತೋದಕ್ಕೆ ದಾರಿ ತೋರಿಸೋದು ಹುಟ್ಟಿದ ಜಾಗದ ಕಾಲಂ. ಚಾರ್ಲ್ಸ್ ಹುಟ್ಟಿದ್ದು ನ್ಯೂಯಾರ್ಕ್ ರಾಜ್ಯದ ಕ್ಯೂಬಾ ಅನ್ನೋ ಊರಲ್ಲಿ. ಅವನ ಅಪ್ಪ ಲ್ಯಾನ್ಸ್‌ಫರ್ಡ್ ಕೆನಡಾದ ಕ್ವಿಬೆಕ್ ಕಡೆ. ಲ್ಯಾನ್ಸ್‌ಫರ್ಡ್‌ನ ಅಪ್ಪ ಸ್ಯಾಮ್ಯುಯೆಲ್, ತಾಯಿ ಮಾರ್ಗರೆಟ್ ಡೆಲಾನೊ. ಹಾಗೇ ಹತ್ತಿದ್ರೆ 1629ರ ಹೊತ್ತಿಗೆ ಮ್ಯಾಸಚುಸೆಟ್ಸ್‌ನ ಲಿನ್‌ನಲ್ಲಿ ನೆಲೆ ನಿಂತ ಎಡ್ಮಂಡ್ ಇಂಗಲ್ಸ್ ತನಕ ಹೋಗುತ್ತೆ. ಅಂದ್ರೆ ಈ ಮನೆತನ ಇನ್ನೂರೈವತ್ತು ವರ್ಷ ಪಶ್ಚಿಮಕ್ಕೇ ಸರೀತಾ ಬಂತು.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಕೊಟ್ಟು ತಗೊಂಡ ಸಂಬಂಧ. ಚಾರ್ಲ್ಸ್ ಇಂಗಲ್ಸ್‌ಗೆ ಕ್ಯಾರೊಲಿನ್ ಕ್ವೈನರ್, ಅವನ ಅಣ್ಣ ಪೀಟರ್‌ಗೆ ಅವಳ ತಂಗಿ ಎಲೈಜಾ, ಅವನ ತಂಗಿ ಪಾಲಿಗೆ ಅವಳ ಅಣ್ಣ ಹೆನ್ರಿ. ವಿಸ್ಕಾನ್ಸಿನ್‌ನಲ್ಲಿ ಅಕ್ಕಪಕ್ಕದ ಎರಡು ಮನೆ, ಮೂರು ಮದುವೆ. ಯಜಮಾನ್ರು ಗಾಡಿ ಓಡಿಸ್ತಾನೇ ನಮ್ಮ ದೊಡ್ಡಪ್ಪನ ಮನೆ ಹಂಗೇ ಅಲ್ಲೇನು ಅಂದ್ರು. ಹೌದು, ಹಂಗೇ.

ದಿನ 3: ಬರ್ ಓಕ್, ಸೌತ್ ಟ್ರಾಯ್, ಪೆಪಿನ್

ಬರ್ ಓಕ್ ಮಿನೆಸೋಟ ಗಡಿಯಿಂದ ಮೂರೇ ಮೈಲಿ ಈಚೆ ಇರೋ ಸಣ್ಣ ಹಳ್ಳಿ. 1876-77ರಲ್ಲಿ ಇಂಗಲ್ಸರು ಇಲ್ಲೊಂದು ಹೋಟೆಲ್ ನಡೆಸೋಕೆ ಕೈಜೋಡಿಸಿದ್ರು, ಮಾಸ್ಟರ್ಸ್ ಹೋಟೆಲ್. ಕಟ್ಟಡ ಅದೇ, ಅದೇ ಜಾಗದಲ್ಲಿ, ಈಗ ಮ್ಯೂಸಿಯಂ. ಕೆಳಗೆ ಅಡುಗೆಮನೆಗೆ ಇಳಿಯೋ ಮೆಟ್ಟಿಲು ಕಡಿದಾಗಿದೆ. ಕೊನೆ ಮಗಳು ಗ್ರೇಸ್ ಹುಟ್ಟಿದ್ದು ಈ ಊರಲ್ಲಿ, 1877ರ ಮೇ 23. ಲಾರಾಳ ಕಥೆಗಳಲ್ಲಿ ಬರ್ ಓಕ್ ಹೆಸರೇ ಇಲ್ಲ, ಆ ಎರಡು ವರ್ಷ ಅವಳು ಪೂರ್ತಿ ಹಾರಿಸಿಬಿಟ್ಟಿದ್ದಾಳೆ.

ಯಾಕೆ ಅಂತ ಅರ್ಥ ಆಗ್ಬೇಕಾದ್ರೆ ಅಲ್ಲಿಂದ ಉತ್ತರಕ್ಕೆ, ಮಿನೆಸೋಟದ ವಬಾಶಾ ಕೌಂಟಿಯ ಸೌತ್ ಟ್ರಾಯ್‌ಗೆ ಹೋಗಬೇಕು. ಬೋರ್ಡು ನೋಡದಿದ್ರೆ ಊರು ದಾಟಿಹೋಗಿದ್ದೇ ಗೊತ್ತಾಗಲ್ಲ. ನಾಲ್ಕು ಮನೆ, ಹೊಲ, ಒಂದು ಕಡೆ ಝಂಬ್ರೊ ನದಿ ಕಣಿವೆ. 1876ರ ಬೇಸಿಗೆಯಲ್ಲಿ ಮಿಡತೆ ಕಾಟಕ್ಕೆ ಸೋತು, ತಾವಿದ್ದ ಮಿನೆಸೋಟದ ವಾಲ್ನಟ್ ಗ್ರೋವ್ ಬಿಟ್ಟು ಬರ್ ಓಕ್‌ಗೆ ಹೊರಟವರು ನಡುವೆ ಇಲ್ಲಿ ಪೀಟರ್ ದೊಡ್ಡಪ್ಪ, ಎಲೈಜಾ ಚಿಕ್ಕಮ್ಮನ ಮನೇಲಿ ಉಳ್ಕೊಂಡ್ರು. ಜೊತೇಲಿ ಮಗ ಇದ್ದ. ಹೌದು, ಈ ಮನೆತನಕ್ಕೆ ಒಬ್ಬ ಮಗ ಇದ್ದ, ಚಾರ್ಲ್ಸ್ ಫ್ರೆಡರಿಕ್, ಫ್ರೆಡ್ಡಿ. 1875ರ ನವೆಂಬರ್ 1ಕ್ಕೆ ವಾಲ್ನಟ್ ಗ್ರೋವ್‌ನಲ್ಲಿ ಹುಟ್ಟಿದ್ದು, 1876ರ ಆಗಸ್ಟ್ 27ಕ್ಕೆ ಇಲ್ಲಿ ತೀರಿಹೋಗಿದ್ದು. ಹತ್ತು ತಿಂಗಳೂ ತುಂಬಿರಲಿಲ್ಲ.

ಲೈಬ್ರರಿಯಲ್ಲಿ ಈ ಎರಡು ತಾರೀಕು ನೋಟ್‌ಬುಕ್ಕಿಗೆ ಬರ್ಕೊಂಡಾಗಲೇ ನನಗೆ ಹೊಳೆದಿದ್ದು. 1870ರ ಗಣತಿಯಲ್ಲಿ ಫ್ರೆಡ್ಡಿ ಇಲ್ಲ, ಇನ್ನೂ ಹುಟ್ಟಿಲ್ಲ. 1880ರಲ್ಲಿ ಇಲ್ಲ, ಅಷ್ಟೊತ್ತಿಗೆ ಹೋಗಿ ನಾಲ್ಕು ವರ್ಷ. ಮಿನೆಸೋಟ ರಾಜ್ಯ ತನ್ನದೇ ಗಣತಿ ಮಾಡಿದ್ದು 1875ರಲ್ಲಿ, ಅದೂ ಮೇ ತಿಂಗಳ ಲೆಕ್ಕ, ಆಗ ಅವನು ತಾಯಿ ಹೊಟ್ಟೇಲಿ. ಸರ್ಕಾರ ಮೂರು ಸಲ ಬಾಗಿಲಿಗೆ ಬಂತು, ಮೂರು ಸಲವೂ ಆ ಕೂಸು ಹಾಳೆಗೆ ಸಿಗಲಿಲ್ಲ. ಅವನು ಇದ್ದ ಅಂತ ಹೇಳೋದು ಮನೆಯೋರು ಬರೆದಿಟ್ಟಿದ್ದು, ಮನೆಯೋರು ನೆನೆಸಿಕೊಂಡಿದ್ದು ಅಷ್ಟೇ. ಸಮಾಧಿ ಎಲ್ಲಿದೆ ಅಂತಲೂ ಯಾರಿಗೂ ಗೊತ್ತಿಲ್ಲ.

ರಸ್ತೆ ಬದಿ ಗಾಡಿ ನಿಲ್ಲಿಸಿ ಇಳಿದ್ವಿ. ಮೆಕ್ಕೆಜೋಳ ಮೊಣಕಾಲು ಮಟ್ಟ ಬಂದಿತ್ತು, ಮೇಲೆ ಕೆಂಪು ರೆಕ್ಕೆಯ ಕರಿ ಹಕ್ಕಿ ತಂತಿ ಮೇಲೆ ಕೂತು ಕೂಗ್ತಿತ್ತು. ಎಲ್ಲಿ ಅಂತ ಕೈ ಮುಗಿಯೋದು, ಯಾವ ದಿಕ್ಕಿಗೆ ಅಂತ. ನಮ್ಮಲ್ಲೂ ಸಣ್ಣ ಕೂಸು ಹೋದ್ರೆ ಸುಡಲ್ಲ, ಹೊಲದ ಅಂಚಲ್ಲಿ ಹೂಳ್ತಾರೆ, ಕಲ್ಲು ನಿಲ್ಲಿಸಲ್ಲ. ಮಗಳು ರಸ್ತೆ ಬದಿಯ ಬಿಳಿ ಹೂ ನಾಲ್ಕು ಕಿತ್ತು ಬೇಲಿ ಕಂಬದ ಬುಡಕ್ಕೆ ಇಟ್ಲು. ಅವಳಿಗೆ ಯಾರೂ ಹೇಳಿರಲಿಲ್ಲ.

ಅಲ್ಲಿಂದ ಪೆಪಿನ್ ಒಂದು ಗಂಟೆ ದಾರಿ, ಮಿಸಿಸಿಪಿ ದಾಟಿ ವಿಸ್ಕಾನ್ಸಿನ್. ರಾತ್ರಿ ನದಿ ದಂಡೆ ರೂಮಲ್ಲಿ ಯಾರೂ ಜಾಸ್ತಿ ಮಾತಾಡ್ಲಿಲ್ಲ.

ದಿನ 4: ಪೆಪಿನ್‌ನಿಂದ ವಾಲ್ನಟ್ ಗ್ರೋವ್

ಪೆಪಿನ್ ಊರಿಂದ ಏಳು ಮೈಲಿ ಆಚೆ ಲಾರಾ ಹುಟ್ಟಿದ ಜಾಗದಲ್ಲಿ, 1867ರ ಫೆಬ್ರವರಿ 7, ಈಗ ಒಂದು ಪ್ರತಿ ಗುಡಿಸಲು ನಿಲ್ಲಿಸಿದ್ದಾರೆ. ಕಥೇಲಿ ಬರೋ ದೊಡ್ಡ ಕಾಡು ಉಳಿದಿಲ್ಲ, ಸುತ್ತ ಹೊಲ. ಮಾಳಿಗೆ ನೋಡಿ ಮಗಳು ಕಥೇಲಿ ಬರೋ ಕುಂಬಳಕಾಯಿ ಎಲ್ಲಿ ಇಡ್ತಿದ್ರು ಅಂತ ಹುಡುಕಿದ್ಲು. ಈ ಜಮೀನು ಕೊಂಡ ಗುಸ್ತಾಫ್‌ಸನ್ ಪೂರ್ತಿ ದುಡ್ಡು ಕಟ್ಟೋಕೆ ಆಗದ್ದರಿಂದಲೇ ಇಂಗಲ್ಸರು 1871ರಲ್ಲಿ ಕಾನ್ಸಾಸ್ ಬಿಟ್ಟು ವಾಪಸ್ ಇಲ್ಲಿಗೇ ಬಂದಿದ್ದು. ಅರ್ಧ ಗಂಟೇಲಿ ಹೊರಟ್ವಿ. ಸಂಜೆ ವಾಲ್ನಟ್ ಗ್ರೋವ್ ತಲುಪೋ ಹೊತ್ತಿಗೆ ಗುಡುಗು ಮಳೆ, ರೊಟ್ಟಿ ಚಟ್ನಿ ತಿಂದು ಮಲಗಿದ್ವಿ.

ದಿನ 5: ಪ್ಲಮ್ ಕ್ರೀಕ್

ಊರಿಂದ ಉತ್ತರಕ್ಕೆ ಒಂದೂವರೆ ಮೈಲಿ, ಖಾಸಗಿ ಹೊಲದೊಳಗೆ, ಹಳ್ಳದ ದಂಡೆ. ಇಂಗಲ್ಸರು ಇದ್ದ, ಮಣ್ಣು ಕೊರೆದು ಮಾಡಿದ್ದ ಮನೆ ಕುಸಿದು ಈಗ ಉಳಿದಿರೋದು ಒಂದು ಗುಳಿ, ಅದರ ಮೇಲೆ ಹುಲ್ಲು, ಒಂದು ಬೋರ್ಡು. ನಾನು ನೋಡಿದ ಎಲ್ಲಾ ಜಾಗದಲ್ಲಿ ಇದೇ ನಿಜ ಅನ್ಸಿದ್ದು, ಯಾಕಂದ್ರೆ ಇಲ್ಲಿ ಯಾರೂ ಏನೂ ಮತ್ತೆ ಕಟ್ಟಿಲ್ಲ. ಗುಳಿಯ ಅಗಲ ಹೆಜ್ಜೇಲಿ ಅಳೆದೆ, ನಮ್ಮ ಹಳೇ ಮನೆ ದನದ ಕೊಟ್ಟಿಗೆಯಷ್ಟೂ ಇಲ್ಲ, ಅದರೊಳಗೆ ಮೂರು ಹೆಣ್ಣುಮಕ್ಕಳು, ಗಂಡ ಹೆಂಡ್ತಿ. ಮಗಳು ಹಳ್ಳಕ್ಕೆ ಇಳಿದು ಆಡಿದ್ಲು. ನೀರು ತಣ್ಣಗೆ, ಕೆಸರು ಕಾಲು ಹಿಡಿಯುತ್ತೆ.

1873ರಿಂದ 77ರ ತನಕ ಈ ಕಡೆಯೆಲ್ಲ ಮಿಡತೆ ಹಿಂಡು ಇಳಿದು ಗೋಧಿ ತಿಂದುಹಾಕ್ತು, ಮೊಟ್ಟೆ ಇಟ್ಟು ಮುಂದಿನ ವರ್ಷ ಮತ್ತೆ ತಿಂತು. ಚಾರ್ಲ್ಸ್ ಕೂಲಿ ಹುಡುಕಿ ಪೂರ್ವಕ್ಕೆ ನಡ್ಕೊಂಡೇ ಹೋಗ್ತಿದ್ದ. ಫ್ರೆಡ್ಡಿ ಹುಟ್ಟಿದ್ದು ಅಂಥ ವರ್ಷದಲ್ಲಿ. ನಮ್ಮಪ್ಪನೂ ಎರಡು ಬರಗಾಲದಲ್ಲಿ ದುಡಿಯೋಕೆ ಗೋವಾಕ್ಕೆ ಹೋಗಿದ್ರು, ಹಾಗಾಗಿ ಇದು ನನಗೆ ಅಮೆರಿಕದ ಕಥೆ ಅಂತ ಅನ್ಸೋದೇ ಇಲ್ಲ.

ಮಧ್ಯಾಹ್ನ 14ನೇ ನಂಬರ್ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ, ಎರಡು ಗಂಟೇಲಿ ಡಿ ಸ್ಮೆಟ್, ಸೌತ್ ಡಕೋಟ.

ದಿನ 6: ಡಿ ಸ್ಮೆಟ್

ಕೊನೆಗೂ ಈ ಮನೆತನ ಕಾಲು ಊರಿದ ಊರು. 1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ 160 ಎಕರೆ, ಐದು ವರ್ಷ ಇದ್ದು ಉಳುಮೆ ಮಾಡಿ ತೋರಿಸಿದ್ರೆ ಸ್ವಂತ. ಚಾರ್ಲ್ಸ್ 1880ರಲ್ಲಿ ಅರ್ಜಿ ಹಾಕಿದ್ದು. ಈ ಹೋಮ್‌ಸ್ಟೆಡ್ ಫೈಲುಗಳು ವಂಶಾವಳಿ ಹುಡುಕೋರಿಗೆ ನಿಧಿ ಇದ್ದಂಗೆ, ಮನೆ ಎಷ್ಟು ಉದ್ದ ಅಗಲ, ಎಷ್ಟು ಎಕರೆ ಉತ್ತರು, ಸಾಕ್ಷಿಗೆ ನಿಂತ ನೆರೆಯೋರು ಯಾರು, ಎಲ್ಲಾ ಇರುತ್ತೆ. ಗಣತಿ ಒಂದು ದಿನದ ಫೋಟೋ ಆದ್ರೆ ಇದು ಐದು ವರ್ಷದ ಲೆಕ್ಕ. ಹೆಂಡತಿಗೊಂದು, ನಾಲ್ಕು ಹೆಣ್ಣುಮಕ್ಕಳಿಗೆ ಒಂದೊಂದು ಅಂತ ಅವನು ನೆಟ್ಟ ಕಾಟನ್‌ವುಡ್ ಮರಗಳ ಸಾಲು ಆ ಜಮೀನಿನ ಮೂಲೇಲಿ ಇನ್ನೂ ಇದೆ. ಎಲೆ ಗಾಳಿಗೆ ಅರಳೀಮರದ ಥರಾನೇ ಸದ್ದು ಮಾಡುತ್ತೆ. ನಾನು ಎಣಿಸ್ತಾ ಆರನೇದು ಎಲ್ಲಿ ಅಂತ ಹುಡುಕಿದೆ, ಇಲ್ಲ.

ಸ್ಮಶಾನ ಊರ ಹೊರಗೆ ದಿಬ್ಬದ ಮೇಲೆ. ಚಾರ್ಲ್ಸ್ 1902, ಕ್ಯಾರೊಲಿನ್ 1924, ಮೇರಿ 1928, ಗ್ರೇಸ್ 1941, ಕ್ಯಾರಿ 1946, ಎಲ್ಲರೂ ಅಲ್ಲೇ. ಲಾರಾ ಮಾತ್ರ ಮಿಸೌರಿಯ ಮ್ಯಾನ್ಸ್‌ಫೀಲ್ಡ್‌ನಲ್ಲಿ, 1957. ಈ ಐದು ಮಕ್ಕಳಲ್ಲಿ ಮುಂದಿನ ತಲೆಮಾರು ಬೆಳೆದದ್ದು ಲಾರಾಳ ಮಗಳು ರೋಸ್ ಒಬ್ಬಳದ್ದೇ, ಅವಳಿಗೂ ಮಕ್ಕಳು ಉಳಿಯಲಿಲ್ಲ, 1968ರಲ್ಲಿ ಹೋದ್ಲು. ಎಡ್ಮಂಡ್‌ನಿಂದ ಇಳಿದು ಬಂದ ಗೆರೆ ಚಾರ್ಲ್ಸ್ ಕ್ಯಾರೊಲಿನ್ ಮನೇಲಿ ಅಲ್ಲಿಗೆ ನಿಂತಿತು.

ಅಲ್ಲೇ ಒಂದು ಸಣ್ಣ ಕಲ್ಲಿದೆ. ಲಾರಾಳ ಮಗ. 1889ರ ಆಗಸ್ಟ್‌ನಲ್ಲಿ, ಹುಟ್ಟಿ ಕೆಲವೇ ವಾರದೊಳಗೆ, ಹೆಸರಿಡೋ ಮುಂಚೆ ಹೋಗಿದ್ದು. ಕಲ್ಲಿನ ಮೇಲೆ ಎ. ಜೆ. ವೈಲ್ಡರ್ (ಲಾರಾಳ ಗಂಡ) ಅವರ ಗಂಡು ಕೂಸು ಅಂತ ಅಷ್ಟೇ ಇದೆ. ಇವನೂ ಎರಡು ಗಣತಿ ನಡುವೆ ಬಂದು ಹೋದೋನೇ.

ಕಲ್ಲಿನ ಪಕ್ಕ ಹುಲ್ಲಿನ ಮೇಲೆ ಕೂತು ಫೈಲಿಂದ 1900ರ ಗಣತಿಯ ಖಾಲಿ ನಮೂನೆ ತೆಗೆದು ಮಗಳಿಗೆ ತೋರಿಸಿದೆ. ಆ ವರ್ಷ ಎರಡು ಕಾಲಂ ಇದ್ದವು, ಹೆಂಗಸರಿಗೆ ಕೇಳೋದು: ಎಷ್ಟು ಮಕ್ಕಳನ್ನ ಹೆತ್ತೆ, ಅದರಲ್ಲಿ ಎಷ್ಟು ಬದುಕಿವೆ. ಕ್ಯಾರೊಲಿನ್ ಹೆತ್ತದ್ದು ಐದು, ಆ ವರ್ಷ ಬದುಕಿದ್ದು ನಾಲ್ಕು. ಲಾರಾ ಹೆತ್ತದ್ದು ಎರಡು, ಬದುಕಿದ್ದು ಒಂದು. ಹೆಸರು ಬರೆಯೋಕೆ ಜಾಗ ಇಲ್ಲ, ಆದ್ರೆ ಐದಕ್ಕೂ ನಾಲ್ಕಕ್ಕೂ ನಡುವೆ ಇರೋ ಆ ಒಂದು ಇದೆಯಲ್ಲ, ಅದು ಫ್ರೆಡ್ಡಿ. ಮಗಳು ಪೆನ್ಸಿಲ್ ತಗೊಂಡು ಆ ಎರಡು ಚೌಕದ ನಡುವಿನ ಗೆರೆ ಮೇಲೆ ಅವನ ಹೆಸರು ಬರೆದ್ಲು. ಆಮೇಲೆ ತಲೆ ಎತ್ತಿ, ಮುತ್ತಜ್ಜಿದು ಎಷ್ಟು, ಅಂದ್ಲು.

ನನಗೆ ಉತ್ತರ ಬರಲಿಲ್ಲ. ಹೆಳವರು ಹೇಳಿದ ಹೆಸರೆಲ್ಲಾ ನನಗೆ ಬಾಯಿಪಾಠ, ಆದ್ರೆ ನಮ್ಮನೆ ಪಟ್ಟಿಯಲ್ಲಿ ಬರೀ ಗಂಡಸರು. ಮೊರ ಹಿಡ್ಕೊಂಡು ಬಾಗ್ಲಿಗೆ ಬಂದು ಜೋಳ ನೀಡ್ತಿದ್ದ ಅಜ್ಜಿ ಎಷ್ಟು ಹೆತ್ತಳು, ಎಷ್ಟು ಉಳಿದ್ವು, ನಾನು ಯಾವತ್ತೂ ಕೇಳೇ ಇಲ್ಲ.

ಸಂಜೆ ಏಳಾಗಿತ್ತು, ಊರಲ್ಲಿ ಬೆಳಗ್ಗೆ ಐದೂವರೆ. ಅವ್ವ ಎದ್ದು ಕಸ ಹೊಡೆಯೋ ಹೊತ್ತು. ಫೋನ್ ಹಚ್ಚಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ಲು, ಆಮೇಲೆ ಕಸಬರಿಗೆ ಕೆಳಗಿಡೋ ಸಪ್ಪಳ ಕೇಳಿಸ್ತು, ಕಟ್ಟೆ ಮೇಲೆ ಕೂತಿರಬೇಕು. ಏಳು ಅಂದ್ಲು. ಉಳಿದದ್ದು ನಾಲ್ಕು. ಒಂದು ಗಂಡು, ಬಸಣ್ಣ ಅಂತಿದ್ರು, ಅಂಬೆಗಾಲಿಡೋ ಹೊತ್ತಿಗೆ ಜ್ವರ ಬಂದು ಹೋತು. ಇನ್ನೊಂದು ಹುಟ್ಟಿದ ದಿನಾನೇ. ಮೂರನೇದು ಹೆಣ್ಣು, ತೊಟ್ಲಾಗ ಹಾಕಿರಲಿಲ್ಲ, ಹೆಸರಿಲ್ಲ, ನಿಮ್ಮಜ್ಜಿ ಸಾಯೋ ತನಕ ನನ್ನ ಕೂಸು ಕೂಸು ಅಂತಿದ್ಲು. ಯಾವ ವರ್ಷ ಅವ್ವ ಅಂದೆ. ವರ್ಷ ಯಾರಿಗೆ ಗೊತ್ತವ್ವ, ನಿಮ್ಮಜ್ಜ ಕೆಂದೆತ್ತು ತಂದ ವರ್ಷ, ಕಾರಹುಣ್ಣಿಮೆ ಮಾರನೇ ದಿನ, ಎತ್ತಿನ ಕೋಡಿನ ಬಣ್ಣ ಇನ್ನೂ ಹಸಿ ಇತ್ತಂತ ಅಂದ್ಲು.

ನಾನು ಹೇಳ್ತಾ ಹೋದೆ, ಮಗಳು ನೋಟ್‌ಬುಕ್ಕಲ್ಲಿ ಫ್ರೆಡ್ಡಿ ಕೆಳಗೆ ಬರೀತಾ ಹೋದ್ಲು. ಹೆಣ್ಣು ಕೂಸು. ಕೆಂದೆತ್ತು ತಂದ ವರ್ಷ. ಕಾರಹುಣ್ಣಿಮೆ ಮಾರನೇ ದಿನ.